ಎರಡು ವಾರ ಮುಟ್ಟಿದ ಕೂಸು

ಅಕ್ಷತಾಳನ್ನು ನಾನು ಮೊದಲು ಕಂಡದ್ದು ಬನಹಟ್ಟಿಯ ಹೈಸ್ಕೂಲಿನಲ್ಲಿ, ಎಂಟನೆಯ ತರಗತಿಯ ಮೊದಲ ದಿನ. ನಾನು ಕನ್ನಡದ ಶಿಕ್ಷಕಿ. ತರಗತಿಯ ಹೊಣೆಯೂ ನನ್ನದೇ ಆಗಿತ್ತು. ಮಕ್ಕಳ ಹೆಸರು, ಹುಟ್ಟಿದ ತಾರೀಖು ಓದುತ್ತ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದೆ. ನಮ್ಮ ಕಡೆ ಆಗಿನ ಮಕ್ಕಳಲ್ಲಿ ಬಹಳ ಮಂದಿ ಜೂನ್ ಒಂದರಂದು ಹುಟ್ಟಿದವರು. ತಾಯಂದಿರು ಹಾಗೆ ಹೇಳಿದ್ದರೆಂದಲ್ಲ. ಶಾಲೆಗೆ ಹೆಸರು ಹಚ್ಚುವಾಗ ತಾರೀಖು ತಿಳಿಯದು ಎಂದರೆ ಗುರುಗಳು ತಾವೇ ಬರೆದುಕೊಳ್ಳುತ್ತಿದ್ದ ತಾರೀಖು ಅದು.

"ಅಕ್ಷತಾ ಶಿದ್ರಾಮಪ್ಪ, ಜೂನ್ ಒಂದು" ಎಂದು ಓದಿದೆ. ಎರಡು ಜಡೆಯ, ತೆಳ್ಳನೆಯ ಹುಡುಗಿ ಎದ್ದು ನಿಂತಳು.

"ಅಕ್ಕೋರ, ಅದು ಸಾಲಿ ಕೊಟ್ಟ ತಾರೀಖರಿ. ಖರೆ ಅಂದ್ರ ನಾ ಕಾರಹುಣ್ಣಿವಿ ಮರುದಿನ ಹುಟ್ಟೀನಿ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹಂಗಾರ ಕರಿ ಹರಿಯೂದು ತಪ್ಪಿಸ್ಕೊಂಡ ಹೋರಿ ಇದು!" ಎಂದ. ಕಾರಹುಣ್ಣಿಮೆಯ ಸಂಜೆ ಎತ್ತು ಹೋರಿಗಳನ್ನು ಓಡಿಸಿ ಕರಿ ಹರಿಯುವುದು ನಮ್ಮ ಕಡೆಯ ರೂಢಿ. ತರಗತಿಯೆಲ್ಲ ನಕ್ಕಿತು.

ಅವಳು ತಿರುಗಿ ನೋಡಿ, "ಹೋರಿ ಅಲ್ಲಲೇ, ಆಕಳ. ಹಾಯತೈತಿ, ದೂರ ಕುಂದ್ರು" ಎಂದಳು.

ನಾನು ನಗು ತಡೆದುಕೊಂಡು, "ಎರಡರಾಗ ನಿನಗ ಯಾವ ತಾರೀಖು ಬೇಕವಾ?" ಎಂದು ಕೇಳಿದೆ.

"ಎರಡೂ ಇರಲಿರಿ. ಒಂದು ಸಾಲಿಗೆ, ಒಂದು ನಮ್ಮವ್ವಗ. ಯಾವ್ದು ಯಾರದು ಅನ್ನೂದು ಮರೀದಿದ್ರ ಆತು."

ಇಂಥ ಮಾತು ಆಡುವ ಮಕ್ಕಳನ್ನು ಶಿಕ್ಷಕರು ಮರೆಯುವುದಿಲ್ಲ.

ಅವಳ ತಂದೆ ಶಿದ್ರಾಮಪ್ಪ ಬೇರೆಯವರ ಪವರ್‌ಲೂಮಿನಲ್ಲಿ ನೇಯುತ್ತಿದ್ದರು. ಮಗಳು ಗಣಿತದಲ್ಲಿ ಮುಂದಿದ್ದಳು, ವ್ಯಾಕರಣದಲ್ಲಿಯೂ ಮುಂದಿದ್ದಳು. ಸಂಧಿ ಬಿಡಿಸು ಎಂದರೆ ಮಗ್ಗದಲ್ಲಿ ಹರಿದ ಎಳೆ ಹುಡುಕುವವರಂತೆ ಅಕ್ಷರಕ್ಕೆ ಅಕ್ಷರ ಹಿಡಿದು ನೋಡುವಳು. ಮುಂದೆ ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದಳು. ಆ ಊರಿನಲ್ಲೇ ಬಸ್‌ಸ್ಟ್ಯಾಂಡಿನ ಬಳಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ, ವಿಜಯ ಎಂಬ ತರುಣ ನಡೆಸುತ್ತಿದ್ದ ಸಣ್ಣ ಆಫೀಸಿಗೆ ಸೇರಿದಳು. ಸುತ್ತಲಿನ ದವಾಖಾನೆಗಳಿಗೂ ಸೊಸೈಟಿಗಳಿಗೂ ಬೇಕಾದ ಪ್ರೋಗ್ರಾಮುಗಳನ್ನು ಅವರು ಬರೆದು ಕೊಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಅವಳ ಮದುವೆಯಾಯಿತು. ಗಂಡ ಗೌರೀಶ ರಬಕವಿಯವನು. ನಾನು ನಿವೃತ್ತಳಾಗಿ ನೆಲೆಸಿದ ಓಣಿಯ ಪಕ್ಕದ ಓಣಿಯೇ ಅವನ ಮನೆ. ಹೀಗೆ ನನ್ನ ವಿದ್ಯಾರ್ಥಿನಿ ನನ್ನ ನೆರೆಯವಳಾದಳು. ಸಂಜೆ ಜಮಖಂಡಿಯ ಬಸ್ಸಿಳಿದು ಬರುವಾಗ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತು, ನೀರು ಕುಡಿದು ಹೋಗುವುದು ರೂಢಿಯಾಯಿತು.

ಗೌರೀಶನ ತಂದೆ ಚನಮಲ್ಲಪ್ಪನವರು ನೂಲಿನ ವ್ಯಾಪಾರಿ. ಕೆಟ್ಟ ಮನುಷ್ಯರಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದವರು, ಅಷ್ಟೇ. ಅತ್ತೆ ಶಂಕ್ರೆವ್ವ ಬೀಳಗಿಯ ಕಡೆಯ ಹೆಣ್ಣುಮಗಳು. ಓದು ಬರಹ ಇಲ್ಲ. ಹುಣ್ಣಿಮೆ ಅಮಾವಾಸ್ಯೆಗಳನ್ನು ಕ್ಯಾಲೆಂಡರ್ ನೋಡದೆ ಹೇಳುವಾಕೆ.

ಆ ಮನೆಯಲ್ಲಿ ಹಿರಿಯರ ಕಾಲದಿಂದ ಒಂದು ಮಾತಿತ್ತು: "ಎರಡು ವಾರ ಮುಟ್ಟದ ಕೂಸಿಗೆ ಹೆಸರಿಲ್ಲ, ದಿವಸಿಲ್ಲ." ಇಲ್ಲಿ ವಾರವೆಂದರೆ ಏಳು ದಿನವಲ್ಲ, ರವಿವಾರ, ಸೋಮವಾರ ಎನ್ನುತ್ತೇವಲ್ಲ, ಆ ವಾರ. ಹುಟ್ಟಿದ ಕೂಸು ಅಂಥ ಎರಡು ವಾರಗಳನ್ನು ಕಂಡು ಹೋದರೆ ಅದು ಮನೆಯ ಮನುಷ್ಯರಲ್ಲಿ ಒಬ್ಬರು. ಕಿವಿಯಲ್ಲಿ ಹೆಸರು ಹೇಳಿ, ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ಇಡುವರು. ಜಂಗಮ ಅಯ್ಯಗಳನ್ನು ಕರೆಸಿ ದಿವಸ ಮಾಡುವರು, ಅಂದರೆ ಎಡೆ ಹಿಡಿದು ನಾಲ್ಕು ಮಂದಿಗೆ ಊಟ ಹಾಕುವರು. ಒಂದೇ ವಾರದಲ್ಲಿ ಬಂದು ಹೋದರೆ ಇದಾವುದೂ ಇಲ್ಲ. ಸುಮ್ಮನೆ ಒಯ್ದು ಮಣ್ಣು ಮುಚ್ಚಿ ಬರುವರು. ಆಮೇಲೆ ಆ ಕೂಸಿನ ಮಾತು ಆಡುವಂತಿಲ್ಲ.

ಆರು ವರ್ಷಗಳ ಹಿಂದಿನ ಕಾರಹುಣ್ಣಿಮೆ ಸೋಮವಾರ ಬಂದಿತ್ತು. ಅಕ್ಷತಾ ಬಸುರಿ, ಇನ್ನೂ ದಿನ ತುಂಬಿರಲಿಲ್ಲ. ರವಿವಾರ ಸಂಜೆ ಬೇನೆ ಬಂದು ಜಮಖಂಡಿಯ ದವಾಖಾನೆಗೆ ಕರೆದೊಯ್ದರು. ಬೆಳಕು ಹರಿಯುವ ಮುಂಚೆ ಹೆಣ್ಣು ಕೂಸು ಹುಟ್ಟಿತು. ಮಧ್ಯಾಹ್ನ, ಊರಲ್ಲೆಲ್ಲ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಹೊತ್ತಿಗೆ, ಹೋಗಿಬಿಟ್ಟಿತು.

ಸುದ್ದಿ ಕೇಳಿ ನಾನು ಅವರ ಮನೆಗೆ ಹೋದೆ. ಶಂಕ್ರೆವ್ವ ಸೊಸೆಯ ಬಳಿ ದವಾಖಾನೆಯಲ್ಲೇ ಉಳಿದಿದ್ದರು. ಗೌರೀಶ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗೆ ಹಿಡಿದು ಅಂಗಳದಲ್ಲಿ ನಿಂತಿದ್ದ. ಎಷ್ಟು ಸಣ್ಣದಿತ್ತೆಂದರೆ, ನೂಲಿನ ಗಂಟು ಹಿಡಿದುಕೊಂಡಂತೆ ಕಾಣುತ್ತಿತ್ತು.

ಚನಮಲ್ಲಪ್ಪನವರು ಕೇಳಿದರು: "ಯಾವಾಗ ಹುಟ್ಟಿತ್ತೋ?"

"ನಸುಕಿನ್ಯಾಗರಿ ಅಪ್ಪಾ. ದವಾಖಾನ್ಯಾಗ ಹದಿನೇಳು ತಾರೀಖಂತ ಬರಕೊಂಡಾರ."

"ಇವತ್ತ ಎಷ್ಟು?"

"ಹದಿನೇಳರಿ."

"ಆತು. ಎರಡು ವಾರ ಮುಟ್ಟಲಿಲ್ಲ. ಹೆಸರಿಲ್ಲ, ದಿವಸಿಲ್ಲ. ಹೊತ್ತ ಮುಳುಗೂದ್ರಾಗ ಮುಗಿಸಿ ಬರೂಣು ನಡಿ."

ಗೌರೀಶ ಕೂಸಿನ ಮುಖದ ಮೇಲೆ ಬಟ್ಟೆಯ ಅಂಚು ಎಳೆದ. ಕೃಷ್ಣಾ ಹೊಳೆಯ ದಂಡೆಗೆ ಅವರದೊಂದು ಹೊಲವಿತ್ತು. ಅದರ ಬದುವಿನಲ್ಲಿ ಬನ್ನಿಗಿಡದ ಆಚೆ ಮಣ್ಣು ಮಾಡಿದರು. ಹೆಸರಿಲ್ಲದ್ದಕ್ಕೆ ಕಲ್ಲು ಯಾಕೆ ಎಂದು ಕಲ್ಲು ಇಡಲಿಲ್ಲ. ಅದೇ ಶ್ರಾವಣದಲ್ಲಿ ಹೊಳೆ ಏರಿತು. ರಬಕವಿಯ ಮಂದಿ ಆ ನೀರನ್ನು ಈಗಲೂ ನೆನೆಯುತ್ತಾರೆ. ನೀರು ಇಳಿದ ಮೇಲೆ ಎಲ್ಲರಿಗೂ ಮಗ್ಗದ, ಮನೆಯ ಚಿಂತೆ. ಆ ಬದುವಿನ ಕಡೆ ಯಾರೂ ಹೋಗಲಿಲ್ಲ.

ಅಕ್ಷತಾ ಬಾಣಂತಿಕೋಣೆಯಿಂದ ಹೊರಗೆ ಬಂದು ಕೆಲಸಕ್ಕೆ ಹೋಗತೊಡಗಿದಳು. ಮನೆಯಲ್ಲಿ ಕೂಸಿನ ಮಾತು ಬರಲೇಬೇಕಾದರೆ "ಅದು" ಎನ್ನುತ್ತಿದ್ದರು. "ಅದು ಆದ ವರ್ಷ", "ಅದರ ಮುಂಚೆ" ಹೀಗೆ. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಅವಳು ಕೇಳಿದಳು:

"ಅಕ್ಕೋರ, ಹೆಸರಿನ ಬದಲು ಬರೂದು ಸರ್ವನಾಮ ಅಂತ ಕಲಿಸಿದ್ರಿ. ಹೆಸರ ಇಲ್ಲಂದ್ರ ಅದು ಯಾತರ ಬದಲು ಬರತೈತ್ರಿ?"

ಮೂವತ್ತು ವರ್ಷ ಸರ್ವನಾಮ ಕಲಿಸಿದವಳು ನಾನು. ಅವಳ ಬೆನ್ನ ಮೇಲೆ ಕೈಯಿಟ್ಟೆ. ಆ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಲಿಲ್ಲ.

ಹೋದ ವರ್ಷ ಅವಳ ಆಫೀಸಿಗೆ ಆ ದವಾಖಾನೆಯದೇ ಕೆಲಸ ಬಂತು. ಅಲ್ಲಿಯ ಪ್ರೋಗ್ರಾಮು ಬಹಳ ಹಳೆಯದು. ಅದರಲ್ಲಿದ್ದ ಮಾಹಿತಿಯನ್ನೆಲ್ಲ ಹೊಸದಕ್ಕೆ ದಾಟಿಸಬೇಕಿತ್ತು. ವಿಜಯನಿಗೆ ಅವಳ ದುಃಖ ಗೊತ್ತಿತ್ತು. "ಇದನ್ನ ನಾ ಮಾಡತೇನಿ ಬಿಡ್ರಿ ಅಕ್ಕಾ" ಎಂದನಂತೆ. ಇವಳು "ತಾರೀಖಿನ ಕೆಲಸ ನನಗ ರೂಢಿ ಐತಿ" ಎಂದು ತಾನೇ ತೆಗೆದುಕೊಂಡಳು.

ಒಂದು ಸಂಜೆ ಬಸ್ಸಿಳಿದು ಬಂದವಳು ನೀರನ್ನೂ ಕೇಳದೆ ಕಟ್ಟೆಯ ಮೇಲೆ ಕುಳಿತಳು.

"ಏನಾತಬೇ?"

"ಅಕ್ಕೋರ, ಹಳೇ ಪ್ರೋಗ್ರಾಮಿನ್ಯಾಗ ತಾರೀಖಂದ್ರ ಬರೇ ತಾರೀಖಲ್ರಿ. ಅದರ ಬೆನ್ನಿಗೆ ಒಂದು ತಾಸು ಅಂಟಿಕೊಂಡಿರತೈತಿ. ನಾವು ತಾಸು ಹೇಳಲಿಲ್ಲಂದ್ರ ಅದ ತಾನ ನಡುರಾತ್ರಿ ಹನ್ನೆರಡು ಅಂತ ಹಚ್ಚಿಕೊಂತೈತಿ. ಹೊಸಾದ್ರಾಗ ಹಂಗಿಲ್ಲ. ತಾರೀಖಂದ್ರ ತಾರೀಖು, ಅಷ್ಟ."

ನನಗೆ ಇವಳು ಎತ್ತ ಹೋಗುತ್ತಿದ್ದಾಳೆಂದು ತಿಳಿಯಲಿಲ್ಲ. "ಹಂಗಾರ ಆ ತಾಸು ಕಿತ್ತ ಒಗದ್ರ ಆತಲ್ಲ" ಎಂದೆ.

"ಕೀಳೂ ಮುಂದ ಯಾವ ಊರಿನ ನಡುರಾತ್ರಿ ಅಂತ ಹೇಳಬೇಕ್ರಿ. ನಾ ಹೇಳೂದು ಮರತಿದ್ನಿ. ಹೇಳದಿದ್ದಕ್ಕ ನಮ್ಮ ಹೊಸಾ ಮಷೀನು ಇಂಗ್ಲಂಡಿನ ಗಡಿಯಾರ ಹಿಡೀತು. ನಮ್ಮಲ್ಲಿ ನಡುರಾತ್ರಿ ಇದ್ದಾಗ ಅಲ್ಲಿ ಇನ್ನೂ ಹಿಂದಿನ ದಿನದ ಸಂಜಿ. ಹಿಂಗಾಗಿ ಬರೇ ತಾರೀಖು ಬರದದ್ದೆಲ್ಲಾ ಒಂದೊಂದು ದಿನ ಹಿಂದ ಸರದು ಬಿಟ್ಟಾವು. ಹಗಲಿನ ತಾಸು ಹಚ್ಚಿ ಬರದದ್ದು ಇದ್ದಲ್ಲೇ ಉಳದಾವು."

"ಹೂಂ."

"ಆ ದವಾಖಾನ್ಯಾಗ ಹುಟ್ಟಿದ್ದು ಬರೇ ತಾರೀಖು ಬರೀತಾರ್ರಿ. ಹ್ವಾದದ್ದು ತಾಸು ಹಚ್ಚಿ ಬರೀತಾರ."

ಈಗ ನನಗೆ ತಿಳಿಯತೊಡಗಿತು. ಅವಳ ಕೈ ಹಿಡಿದೆ.

"ಸರಿ ದಾಟ್ಯಾವೇನು ಅಂತ ಒಂದೊಂದ ನೋಡಕೋತ ಹೊಂಟಿದ್ನಿ. ಬೇಬಿ ಆಫ್ ಅಕ್ಷತಾ ಅಂತ ಬಂತರಿ. ಹುಟ್ಟಿದ್ದು ಹದಿನಾರು, ರವಿವಾರ. ಹ್ವಾದದ್ದು ಹದಿನೇಳು, ಸೋಮವಾರ. ಎರಡು ವಾರ ಮುಟ್ಟೇತ್ರಿ ಅಕ್ಕೋರ."

ಓಣಿಯ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಅವಳು ಕಣ್ಣೊರೆಸಿಕೊಂಡು ಹೇಳಿದಳು:

"ಇದನ್ನ ಒಯ್ದು ತೋರಿಸಿದ್ರ ಮಾವಾರು ಒಪ್ಪತಾರ. ದವಾಖಾನಿಯವರು ಬರದದ್ದಂದ್ರ ಅವರು ಎದುರು ಮಾತಾಡೂದಿಲ್ಲ. ನನ್ನ ಮಗಳಿಗೆ ಹೆಸರಿಡತಾರ, ದಿವಸ ಮಾಡತಾರ. ಆದ್ರ ನಾಳೆ ಇದನ್ನ ತಿದ್ದಬೇಕ್ರಿ. ಒಂದ ಸಾಲಿನ ಕೆಲಸ. ಆಕಿಗೆ ಸಿಕ್ಕ ಒಂದು ದಿನಾನ ನಾನ ಕಸಗೊಳ್ಳಬೇಕು."

"ತಿದ್ದಲಿಲ್ಲಂದ್ರ?"

"ಅಲ್ಲಿ ಹುಟ್ಟಿದ ಎಲ್ಲಾ ಕೂಸುಗಳ ತಾರೀಖು ಸುಳ್ಳಾಗತಾವು."

"ತೋರಿಸಿ, ಆಮ್ಯಾಲ ತಿದ್ದಿದ್ರ?" ಎಂದೆ. ಹೇಳಬಾರದಿತ್ತೇನೋ. ಹೇಳದಿರಲೂ ಆಗಲಿಲ್ಲ.

ಅವಳು ತಲೆ ಅಲ್ಲಾಡಿಸಿದಳು. "ಸುಳ್ಳು ತಾರೀಖಿನ ಮ್ಯಾಲ ಆಕಿ ಹೆಸರು ಹ್ಯಾಂಗ ಇಡ್ಲಿರಿ? ಕರದಾಗೊಮ್ಮೆ ಅದ ನೆನಪಾಗತೈತಿ."

ಮರುದಿನ ಅವಳು ಆ ಸಾಲನ್ನು ತಿದ್ದಿದಳು. ಕೂಸುಗಳೆಲ್ಲ ತಮ್ಮ ತಮ್ಮ ತಾರೀಖಿಗೆ ಬಂದು ನಿಂತವು, ಅವಳದೂ ಬಂತು. ಮನೆಗೆ ಹೋದಾಗ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರಂತೆ. ಮುಂದಿನದನ್ನು ನನಗೆ ಇಬ್ಬರೂ ಬೇರೆ ಬೇರೆ ದಿನ ಹೇಳಿದರು. ಮಾತು ಎಳ್ಳಷ್ಟೂ ಬೇರೆ ಇರಲಿಲ್ಲ.

"ಯಾಕಬೇ, ಮಾರಿ ಹಂಗ್ಯಾಕ ಆಗೇತಿ?" ಎಂದರಂತೆ ಶಂಕ್ರೆವ್ವ.

"ಅತ್ತಿ, ಇವತ್ತ ಕೂಸಿಂದು ಒಂದು ದಿನ ಅಳಿಸಿ ಬಂದೀನಿ" ಎಂದು ಅಕ್ಷತಾ ಮಷೀನಿನ ತಪ್ಪನ್ನೆಲ್ಲ ಹೇಳಿದಳು. "ತಪ್ಪಾಗಿ ರವಿವಾರಕ್ಕ ಹೋಗಿತ್ತು. ತಿದ್ದಿ ಸೋಮವಾರಕ್ಕ ತಂದೀನಿ."

ಶಂಕ್ರೆವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. "ತಪ್ಪೇನಬೇ ಅದು? ಆ ಕೂಸು ರವಿವಾರದ್ದ ಅಲ್ಲ?"

"ಇಲ್ಲತ್ತಿ. ಸೋಮವಾರ ನಸುಕಿನ್ಯಾಗ ಹುಟ್ಟೇತಿ."

"ಹೊತ್ತ ಎಲ್ಲಿ ಹುಟ್ಟಿತ್ತು ಆಗ? ಕೂಸನ್ನ ಒರಸಿ ನನ್ನ ಕೈಯಾಗ ಕೊಟ್ರು. ಹಿಡಕೊಂಡು ಕಿಡಕ್ಯಾಗ ನಿಂತಿದ್ನಿ. ಹೊತ್ತ ಹುಟ್ಟೂದನ್ನ ಅದಕ್ಕ ತೋರಿಸೇನಿ ನಾನು. ನೋಡು ನಿನ್ನ ಸೋಮವಾರ ಬಂತು ಅಂತ ಅಂದೇನಿ. ವಾರ ತಿರಗೂದು ಹೊತ್ತ ನೋಡಿ, ನಿಮ್ಮ ಗಡಿಯಾರ ನೋಡಿ ಅಲ್ಲ."

ಅಕ್ಷತಾ ಗೋಡೆಗೆ ಆತು ಕುಳಿತಳು. "ಹಂಗಾರ ಅವತ್ತ ಯಾಕ ಹೇಳಲಿಲ್ಲತ್ತಿ?"

"ಅವರು ಎಣಿಸಿದ್ದು ಅಂಗಳದಾಗ. ನಾ ಇದ್ದದ್ದು ದವಾಖಾನ್ಯಾಗ, ನಿನ್ನ ಹಂತೇಕ. ನಾ ಬರೂದ್ರಾಗ ಎಲ್ಲಾ ಮುಗದಿತ್ತು. ದಿವಸಿಲ್ಲ ಅಂದ್ರು. ದಿನಾ ತುಂಬದ ಕೂಸಂತ ಬ್ಯಾಡ ಅಂದಿರಬೇಕು ಅನಕೊಂಡ್ನಿ. ತಾರೀಖು ಎಣಿಸ್ಯಾರಂತ ನನಗೇನ ಗೊತ್ತು ಯವ್ವಾ? ಯಾರ ಕೇಳ್ಯಾರ ನನ್ನ?"

ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಶಂಕ್ರೆವ್ವನೇ ಗಂಡನಿಗೆ ಹೇಳಿದರು. ಚನಮಲ್ಲಪ್ಪನವರಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ತಾಟಿನ ಮೇಲಿನ ಕೈ ಹಿಂದಕ್ಕೆ ತೆಗೆದು ಕೇಳಿದರಂತೆ:

"ಖರೆ ಏನು? ಹೊತ್ತ ಹುಟ್ಟೂ ಮುಂಚೆ?"

"ನನ್ನ ಕೈಯಾಗ ಇತ್ತು."

"ನಮ್ಮಪ್ಪ ವಾರ ಅಂದಿದ್ದ" ಎಂದರಂತೆ ಮುದುಕರು. "ನಾ ನೂಲಿನ ಬಿಲ್ಲು ಬರೆಯೂ ಮನಶ್ಯಾ. ತಾರೀಖಂತ ತಿಳದ್ನಿ."

ಅಕ್ಷತಾ ಇದನ್ನು ನನಗೆ ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮಾವಾರೂ ನನ್ನಂಗ ಮಾಡ್ಯಾರ್ರಿ ಅಕ್ಕೋರ. ಹಳೇದನ್ನ ಹೊಸಾದಕ್ಕ ದಾಟಿಸೂ ಮುಂದ ಯಾವ ಗಡಿಯಾರ ಅಂತ ಕೇಳಿಕೊಳ್ಳಲಿಲ್ಲ. ನಂದು ಒಂದ ಸಾಲಿನ್ಯಾಗ ತಿದ್ದಾಕ ಬಂತು."

ಮುಂದಿನ ಸೋಮವಾರ ಹೊಳೆಯ ದಂಡೆಗೆ ಹೊರಟರು. ನನ್ನನ್ನೂ ಕರೆದರು. ಶಂಕ್ರೆವ್ವ ಹಾಲು, ಬಾಳೆಹಣ್ಣು, ಸಜ್ಜಕದ ಎಡೆ ಕಟ್ಟಿಕೊಂಡಿದ್ದರು. ಮೇಲೊಂದು ಖಣದ ಸಣ್ಣ ಕುಂಚಿಗೆ ಇತ್ತು, ಹಸುಗೂಸಿನ ತಲೆಗೆ ಕಟ್ಟುತ್ತೇವಲ್ಲ, ಅಂಥದ್ದು. ಗೌರೀಶ ನಯವಾದ ಒಂದು ಕಲ್ಲನ್ನು ಹೆಗಲ ಮೇಲೆ ಹೊತ್ತಿದ್ದ. ಹೊಲದ ಕಬ್ಬು ದಾಟಿ ಬದುವಿನ ಕಡೆ ಬಂದೆವು. ಬನ್ನಿಗಿಡ ಕಾಣಲಿಲ್ಲ.

ಚನಮಲ್ಲಪ್ಪನವರು ಕೋಲೂರಿ ನಿಂತು, "ಇಲ್ಲೇ ಇತ್ತೇನೋ?" ಎಂದರು.

"ಇಲ್ಲಪ್ಪಾ. ಇನ್ನೂ ಮುಂದ" ಎಂದ ಗೌರೀಶ.

"ಮುಂದ ನೀರೈತಿ."

"ಹೂಂರಿ."

ಆ ಶ್ರಾವಣದ ಹೊಳೆ ದಂಡೆಯನ್ನು ಕತ್ತರಿಸಿ ಒಯ್ದಿತ್ತು. ಬದು, ಬನ್ನಿಗಿಡ, ಅದರ ಆಚೆಯ ಗೇಣು ನೆಲ ಯಾವುದೂ ಉಳಿದಿರಲಿಲ್ಲ. ಕೃಷ್ಣೆ ಶಾಂತವಾಗಿ ಹರಿಯುತ್ತಿದ್ದಳು. ಮುದುಕರು ಒಂದು ಕಡೆ ನಡೆದು ನೋಡಿದರು, ಇನ್ನೊಂದು ಕಡೆ ನಡೆದು ನೋಡಿದರು. ಆಮೇಲೆ, "ಅವತ್ತ ಕಲ್ಲಿಟ್ಟಿದ್ರ ನೀರ ಏರೂ ಮುಂಚೆ ನೆನಪರೆ ಆಗತಿತ್ತು. ಎತ್ತಿ ಮ್ಯಾಲಿನ ಹೊಲಕ್ಕ ಒಯ್ತಿದ್ವಿ" ಎಂದರು. ಅವರು ಸೊಸೆಯ ಕಡೆ ತಿರುಗಿದರು.

"ಏನಂತ ಹೆಸರು ಇಡಬೇಕಂತಿದ್ದಿ ತಂಗಿ?"

"ಮಧುಮತಿ ಅಂತರಿ."

ಹೆಸರನ್ನು ಕಿವಿಯಲ್ಲಿ ಹೇಳಬೇಕು. ಕಿವಿ ಎಲ್ಲಿದೆ? ಅವರು ನೀರಿನ ಕಡೆ ಮುಖ ಮಾಡಿ ಮೆಲ್ಲಗೆ, "ಮಧುಮತಿ" ಎಂದರು. ಕೇಳಿಸಿತೋ ಇಲ್ಲವೋ ಎನ್ನುವಂತೆ ಮತ್ತೊಮ್ಮೆ ಜೋರಾಗಿ ಕರೆದರು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತನ್ನನ್ನು ಕರೆದರೇನೋ ಎಂದು ತಲೆ ಎತ್ತಿ ನೋಡಿದಳು. ಎಡೆಯನ್ನು ನೀರಿಗೆ ಬಿಟ್ಟರು. ಕುಂಚಿಗೆಯನ್ನು ಬಿಡುವಾಗ ಶಂಕ್ರೆವ್ವ ಅದನ್ನೊಮ್ಮೆ ಮೂಗಿಗೆ ಹಿಡಿದು ನೋಡಿದರು. ಹೊಸ ಬಟ್ಟೆ, ಅದರಲ್ಲಿ ಯಾವ ಕೂಸಿನ ವಾಸನೆಯೂ ಇರಲಾರದು.

ಕಲ್ಲನ್ನು ಗೌರೀಶ ಮರಳಿ ಹೊತ್ತು ತಂದ. ಅದು ಈಗಲೂ ಅವರ ಅಂಗಳದಲ್ಲಿ ಗೋಡೆಗೆ ಆನಿಸಿದಂತೆ ಇದೆ. ಎಲ್ಲಿ ಇಡಬೇಕೆಂದು ಯಾರಿಗೂ ತಿಳಿದಿಲ್ಲ. ಚನಮಲ್ಲಪ್ಪನವರು ಸಂಜೆ ಅದರ ಬಳಿ ಕೋಲು ಇಟ್ಟು ಕುಳಿತುಕೊಳ್ಳುತ್ತಾರೆ. ಮನೆಯಲ್ಲಿ ಈಗ "ಅದು" ಎನ್ನುವುದಿಲ್ಲ, "ಮಧುಮತಿ ಹುಟ್ಟಿದ ವರ್ಷ" ಎನ್ನುತ್ತಾರೆ.

ಅಕ್ಷತಾಳಿಗೆ ಈಗ ಕೆಲಸ ಹೆಚ್ಚು. ಮುಧೋಳ, ಬೀಳಗಿ, ಜಮಖಂಡಿ ಎಲ್ಲ ಕಡೆಯ ಹಳೆಯ ಪ್ರೋಗ್ರಾಮುಗಳ ತಾರೀಖುಗಳನ್ನು ಹೊಸದಕ್ಕೆ ದಾಟಿಸುವ ಕೆಲಸಕ್ಕೆ ಇವಳನ್ನೇ ಕರೆಯುತ್ತಾರೆ. ಅವಳು ಕೆಲಸ ಮಾಡುವ ರೀತಿಯನ್ನು ಮೊನ್ನೆ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದಳು. ಎಲ್ಲವನ್ನೂ ದಾಟಿಸುವ ಮುಂಚೆ, ಸರಿಯಾಗಿ ದಾಟುತ್ತದೆಯೇ ಎಂದು ನೋಡಲು, ಒಂದು ಪರೀಕ್ಷೆಯ ಸಾಲನ್ನು ತಾನೇ ಬರೆದು ಹಾಕಬೇಕಂತೆ. ಬೇರೆಯವರು ಅಲ್ಲಿ ಬಾಯಿಗೆ ಬಂದ ಹೆಸರು, ತಾರೀಖು ಬರೆಯುತ್ತಾರೆ. ಇವಳು ಬರೆಯುವುದು ಒಂದೇ. ಹೆಸರು ಮಧುಮತಿ. ತಾಯಿ ಅಕ್ಷತಾ. ಹುಟ್ಟಿದ ತಾರೀಖು ಜೂನ್ ಹದಿನೇಳು.

"ರವಿವಾರದ್ದಲ್ಲ?" ಎಂದು ಕೇಳಿದೆ.

"ರವಿವಾರ ಮನಿಗೆರಿ. ಮಷೀನಿಗೆ ಸೋಮವಾರನ ಹೇಳಬೇಕು."

"ಮತ್ತ ಆ ಇನ್ನೊಂದು, ಹ್ವಾದ ತಾರೀಖು?"

"ಪರೀಕ್ಷೆಗೆ ಅದು ಬೇಕಾಗಿಲ್ರಿ ಅಕ್ಕೋರ. ಆ ಜಾಗಾ ಖಾಲಿ ಬಿಡತೇನಿ."

ಆ ಒಂದು ಸಾಲು ದಿನ ತಪ್ಪದೆ ಆಚೆ ದಡ ಮುಟ್ಟಿದರೆ ಉಳಿದವೂ ಮುಟ್ಟುತ್ತವೆ ಎಂದು ತಿಳಿದು, ಊರಿನ ಕೂಸುಗಳನ್ನೆಲ್ಲ ಅದರ ಹಿಂದೆ ದಾಟಿಸುತ್ತಾಳೆ. ಕೆಲಸ ಒಪ್ಪಿಸುವ ಮುನ್ನ ಪರೀಕ್ಷೆಯ ಸಾಲನ್ನು ಅಳಿಸಬೇಕು; ಅದು ಆ ದವಾಖಾನೆಯ ಕೂಸಲ್ಲವಲ್ಲ. ಅಳಿಸುತ್ತಾಳೆ. ಮುಂದಿನ ಊರಿನಲ್ಲಿ ಮತ್ತೆ ಬರೆಯುತ್ತಾಳೆ. ಈಗ ನಾಲ್ಕು ದಿನದಿಂದ ಬೀಳಗಿಗೆ ಹೋಗಿ ಬರುತ್ತಿದ್ದಾಳೆ.